ಕಲಶವೂ ಕೌಂಟರೂ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಷಾಢ ಮುಗಿಯುತ್ತ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಹೆಚ್ಚಿನವು ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳವು. ದೇವರ ಮೇಲಿನ ನಂಬಿಕೆ ಬಿಡಲಾರರು, ಕೆಲಸವನ್ನೂ ಬಿಡಲಾರರು. ನಡುವೆ ಸಿಕ್ಕಿಕೊಂಡಿರುವುದು ನಿದ್ದೆ. ಈ ಸಲ ಆರು ಪತ್ರಗಳನ್ನು ಆರಿಸಿಕೊಂಡಿದ್ದೇವೆ. ಊರಿನ ಹೆಸರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಬ್ಯಾಂಕಿನಲ್ಲಿ ಕೆಲಸ. ವರಮಹಾಲಕ್ಷ್ಮಿ ಹಬ್ಬದ ದಿನ ರಜೆಯಿಲ್ಲ, ಒಂಬತ್ತೂಮುಕ್ಕಾಲಿಗೆ ಕೌಂಟರಿನಲ್ಲಿರಬೇಕು. ರಾಹುಕಾಲಕ್ಕೆ ಮುಂಚೆ ಪೂಜೆ ಮುಗಿಯಲೇಬೇಕು ಅಂತ ಅತ್ತೆ. ಹೋದ ವರ್ಷ ಮೂರು ಗಂಟೆಗೆ ಎದ್ದು ಎಲ್ಲ ಮಾಡಿದೆ. ಸಂಜೆ ಮುತ್ತೈದೆಯರು ಬರುವ ಹೊತ್ತಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಈ ಸಲ ಹೇಗೆ ಹೊಂದಿಸಲಿ? — ದಾವಣಗೆರೆ

ಉತ್ತರ: ಮೊದಲು ರಾಹುಕಾಲದ ಲೆಕ್ಕ. ಸೂರ್ಯೋದಯ 6ಕ್ಕೆ ಅಂತ ಹಿಡಿದರೆ ಶುಕ್ರವಾರದ ರಾಹುಕಾಲ ಬೆಳಿಗ್ಗೆ 10:30ರಿಂದ 12ರವರೆಗೆ. ಶ್ರಾವಣದಲ್ಲಿ ಸೂರ್ಯ ಹುಟ್ಟುವುದು ಆರು ದಾಟಿದ ಮೇಲೆ, ಆದ್ದರಿಂದ ಅದೂ ಕೆಲವು ನಿಮಿಷ ಮುಂದಕ್ಕೆ ಸರಿಯುತ್ತದೆ. ಅಷ್ಟು ಹೊತ್ತಿನಲ್ಲಿ ಪೂಜೆ ಶುರು ಮಾಡಬಾರದು ಎನ್ನುವುದಷ್ಟೇ ನಿಯಮ. ಅದಕ್ಕೆ ಮುಂಚೆಯೇ ಮುಗಿಸಬೇಕು ಎಂದಲ್ಲ. ಮಧ್ಯಾಹ್ನವೋ ಸಂಜೆಯೋ ಮಾಡಿದರೆ ರಾಹುಕಾಲದ ಮಾತೇ ಬರುವುದಿಲ್ಲ.

ಇನ್ನು ಮುಹೂರ್ತ. ಲಕ್ಷ್ಮಿ ಚಂಚಲೆ, ಅದಕ್ಕೇ ಸ್ಥಿರ ಲಗ್ನದಲ್ಲಿ ಕೂರಿಸಬೇಕು ಅನ್ನುತ್ತಾರೆ. ಲಗ್ನ ಅಂದರೆ ಆ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ರಾಶಿ. ಸ್ಥಿರ ಲಗ್ನಗಳು ನಾಲ್ಕು: ಸಿಂಹ, ವೃಶ್ಚಿಕ, ಕುಂಭ, ವೃಷಭ. ಶ್ರಾವಣದಲ್ಲಿ ಸೂರ್ಯ ಕರ್ಕಾಟಕದಲ್ಲೋ ಸಿಂಹದಲ್ಲೋ ಇರುವುದರಿಂದ ಸಿಂಹ ಲಗ್ನ ಬೆಳಿಗ್ಗೆ ಬರುತ್ತದೆ, ವೃಶ್ಚಿಕ ಮಧ್ಯಾಹ್ನ, ಕುಂಭ ಸೂರ್ಯ ಮುಳುಗುವ ಹೊತ್ತಿಗೆ ಅಥವಾ ಅದಾದ ಸ್ವಲ್ಪ ಹೊತ್ತಿಗೆ, ವೃಷಭ ನಡುರಾತ್ರಿಗೆ. ಮನೆಯ ಪಂಚಾಂಗ ತೆಗೆದು ಆ ದಿನದ ಕುಂಭ ಲಗ್ನದ ಹೊತ್ತನ್ನು ಅತ್ತೆಗೆ ತೋರಿಸಿ. ಆಫೀಸು ಬಿಟ್ಟು ಬಂದು, ಸ್ನಾನ ಮಾಡಿ ಕೂರುವ ಹೊತ್ತಿಗೆ ಅದು ಸರಿಯಾಗಿ ಬೀಳುತ್ತದೆ. ಎಷ್ಟೋ ಮನೆಗಳಲ್ಲಿ ಮೊದಲಿನಿಂದಲೂ ಈ ಪೂಜೆ ಸಂಜೆಯದ್ದೇ. ಹೀಗಾಗಿ ಇದು ನಿಮಗಾಗಿ ಮಾಡಿದ ವಿನಾಯಿತಿ ಅಂತ ಯಾರೂ ಅನ್ನುವಂತಿಲ್ಲ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ, ದೇವರಿಗೆ ದೀಪ, ಒಂದು ಲೋಟ ಹಾಲಿನ ನೈವೇದ್ಯ, ಇಷ್ಟು ಮಾಡಿ ಹೊರಡಿ. ಪೂಜೆಯಾಗುವವರೆಗೆ ಉಪವಾಸ ಇರುವ ಪದ್ಧತಿಯಾದರೆ ಹಾಲು, ಹಣ್ಣು, ಎಳನೀರು ನಡೆಯುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಕೌಂಟರಿನಲ್ಲಿ ಕೂರಬಾರದು. ತಿಂಡಿ ತಿಂದೇ ಹೋಗಿ.

ಆ ಮೂರು ಗಂಟೆಯ ಎದ್ದೇಳುವಿಕೆ ಎಲ್ಲಿಂದ ಬಂತು ನೋಡಿ. ಸಂಕಲ್ಪದಿಂದ ಮಂಗಳಾರತಿವರೆಗೆ ಪೂಜೆಗೆ ಒಂದು ಗಂಟೆ, ಕಥೆ ಓದಿದರೆ ಇನ್ನೊಂದು ಇಪ್ಪತ್ತು ನಿಮಿಷ. ಉಳಿದದ್ದೆಲ್ಲ ಸೀರೆ ಉಡಿಸುವುದಕ್ಕೆ ಮತ್ತು ಅಡುಗೆಗೆ ಹೋಗುತ್ತದೆ. ಅವೆರಡನ್ನೂ ಗುರುವಾರಕ್ಕೆ, ಇನ್ನೂ ಹಿಂದಕ್ಕೆ ತಳ್ಳಬಹುದು.

ಸೀರೆ: ಬುಧವಾರ ರಾತ್ರಿಯೇ ಸೀರೆಯನ್ನು ಉದ್ದಕ್ಕೆ ಅರ್ಧ ಮಡಚಿ, ಅಂಚು ಹೊರಗೆ ಕಾಣುವಂತೆ ನಾಲ್ಕು ಬೆರಳಗಲದ ನೆರಿಗೆ ಹಿಡಿದು, ಮೇಲ್ತುದಿಗೆ ದಾರ ಕಟ್ಟಿ, ಹಾಸಿಗೆಯ ಕೆಳಗೆ ಇಟ್ಟುಬಿಡಿ. ಬೆಳಗಾಗುವಾಗ ಇಸ್ತ್ರಿ ಹಾಕಿದ ಹಾಗಿರುತ್ತದೆ. ರೇಷ್ಮೆಗೆ ಪಿನ್ ಚುಚ್ಚಬೇಡಿ, ಜರಿಯ ಎಳೆ ಕೀಳುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪೇ ಸಾಕು, ಮೇಲೆ ಹೂವು ಬಂದರೆ ಮುಚ್ಚಿಹೋಗುತ್ತದೆ. ಕಲಶ ಬೀಳುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಚೊಂಬಿನ ಬಾಯಿ ಅಗಲವಾಗಿ ತೆಂಗಿನಕಾಯಿ ಒಳಗೆ ಇಳಿಯುತ್ತದೆ, ಅದಕ್ಕೆ ಕಟ್ಟಿದ ಮುಖ ಮುಂದಕ್ಕೆ ಬಾಗುತ್ತದೆ. ಕಾಯಿಯ ಮೂರನೇ ಒಂದು ಭಾಗ ಮಾತ್ರ ಒಳಗೆ ಕೂರಬೇಕು. ಮಾವಿನೆಲೆಯನ್ನೋ ವೀಳ್ಯದೆಲೆಯನ್ನೋ ಐದರ ಬದಲು ಏಳೋ ಒಂಬತ್ತೋ ಇಟ್ಟರೆ ಬಿಗಿಯಾಗುತ್ತದೆ. ಎರಡು, ನೆರಿಗೆಯ ಭಾರ ಎಲ್ಲವನ್ನೂ ಮುಂದಕ್ಕೆ ಜಗ್ಗುತ್ತದೆ. ಚೊಂಬಿಗೆ ನೀರಿನ ಬದಲು ಕುತ್ತಿಗೆವರೆಗೆ ಅಕ್ಕಿ ತುಂಬಿ. ಅರಿಶಿನ ಕೊಂಬು, ಅಡಿಕೆ, ಉತ್ತುತ್ತೆ, ನಾಣ್ಯ ಅದರೊಳಗೇ. ಚೊಂಬಿನ ಕೆಳಗಿಡುವ ಡಬ್ಬಿಯೂ ಖಾಲಿ ಇರಬಾರದು, ಅದಕ್ಕೂ ಅಕ್ಕಿಯೋ ಬೇಳೆಯೋ ತುಂಬಿರಲಿ. ಗುರುವಾರ ಸಂಜೆಯೇ ಡಬ್ಬಿಗೆ ಸೀರೆ ಉಡಿಸಿ ನಿಲ್ಲಿಸಿ. ಚೊಂಬು, ಕಾಯಿ, ಮುಖ ಮಾತ್ರ ಶುಕ್ರವಾರ. ಹತ್ತು ನಿಮಿಷದ ಕೆಲಸ.

ಹೂವು ಗುರುವಾರ ಚಿನ್ನದ ಬೆಲೆಗೆ ಏರುತ್ತದೆ, ಬುಧವಾರ ತಂದಿಟ್ಟುಕೊಳ್ಳಿ. ಮಲ್ಲಿಗೆಯನ್ನು ಮೊಗ್ಗಿರುವಾಗಲೇ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಡಿ. ಸೇವಂತಿಗೆಗೆ ನೀರು ಚಿಮುಕಿಸಿದರೆ ಎಸಳು ಕಪ್ಪಾಗುತ್ತದೆ. ತಾವರೆಯನ್ನು ದಂಟು ಮುಳುಗುವಂತೆ ನೀರಿನಲ್ಲಿಟ್ಟು, ಪೂಜೆಗೆ ಕೂರುವಾಗ ಎಸಳನ್ನು ಒಂದೊಂದಾಗಿ ಕೈಯಿಂದ ಹೊರಕ್ಕೆ ಮಡಚಿ.

ನೈವೇದ್ಯಕ್ಕೆ ಒಂಬತ್ತು ಬಗೆ ಆಗಲೇಬೇಕು ಅನ್ನುವುದು ಪಕ್ಕದ ಮನೆಯವರ ಶಾಸ್ತ್ರ. ಐದು ಸಾಕು, ಅದರಲ್ಲಿ ಮೂರಕ್ಕೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ. ಹುರಿಗಡಲೆ ತಂಬಿಟ್ಟು: ಒಂದು ಲೋಟ ಹುರಿಗಡಲೆ ಪುಡಿಗೆ ಮುಕ್ಕಾಲು ಲೋಟ ಪುಡಿಬೆಲ್ಲ, ಕಾಲು ಲೋಟ ಒಣಕೊಬ್ಬರಿ ತುರಿ, ಏಲಕ್ಕಿ, ಉಂಡೆ ಕಟ್ಟುವಷ್ಟು ಬಿಸಿ ತುಪ್ಪ. ಗುರುವಾರ ಮಾಡಿದರೆ ಭಾನುವಾರದವರೆಗೂ ಕೆಡುವುದಿಲ್ಲ. ಹೆಸರುಬೇಳೆ ಕೋಸಂಬರಿಗೆ ಬೇಳೆಯನ್ನು ಒಂದು ಗಂಟೆ ನೆನೆಸಿದರೆ ಸಾಕು. ಉಪ್ಪು ಮಾತ್ರ ಕೊನೆಗೆ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ. ಮೂರನೆಯದು ಹಣ್ಣಿನ ರಸಾಯನ. ಪುಳಿಯೋಗರೆಯ ಗೊಜ್ಜು ಹಿಂದಿನ ಭಾನುವಾರವೇ ಆಗಿರಲಿ, ಸಂಜೆ ಅನ್ನಕ್ಕೆ ಕಲಸಿದರಾಯಿತು. ಐದನೆಯದು ಪಾಯಸ. ಹೋಳಿಗೆ ಬೇಕೇ ಬೇಕು ಅನ್ನುವವರು ಮನೆಯಲ್ಲಿದ್ದರೆ ಅವರೇ ತಟ್ಟಲಿ.

ಇದು ತಮಾಷೆಗೆ ಹೇಳಿದ ಮಾತಲ್ಲ. ಹಬ್ಬದ ಹಿಂದಿನ ಭಾನುವಾರ ಮನೆಯವರನ್ನೆಲ್ಲ ಕೂರಿಸಿ ಕೆಲಸ ಬರೆದುಕೊಳ್ಳಿ, ಪ್ರತಿಯೊಂದಕ್ಕೂ ಒಂದು ಹೆಸರು ಇರಲಿ. ಬಾಳೆಕಂದು, ಮಾವಿನ ತೋರಣ, ಮಂಟಪ, ಬೆಳ್ಳಿ ಪಾತ್ರೆ ತೊಳೆಯುವುದು ಯಜಮಾನರದ್ದು. ಒಂಬತ್ತೆಳೆಯ ದಾರಕ್ಕೆ ಅರಿಶಿನ ಹಚ್ಚಿ ಒಂಬತ್ತು ಗಂಟು ಹಾಕುವುದು, ತಾಂಬೂಲ ಜೋಡಿಸುವುದು ಮಕ್ಕಳದ್ದು. ಅತ್ತೆಯವರಿಗೆ ಕಥೆ ಓದುವ ಜವಾಬ್ದಾರಿ ಕೊಡಿ. ಆ ಕಥೆಯಲ್ಲೇ ಕುಂಡಿನಪುರದ ಹೆಂಗಸರೆಲ್ಲ ಚಾರುಮತಿಯ ಮನೆಯಲ್ಲಿ ಸೇರಿ ಒಟ್ಟಿಗೆ ವ್ರತ ಮಾಡುತ್ತಾರೆ, ಒಬ್ಬಳೇ ಎಲ್ಲವನ್ನೂ ಎಳೆಯುವುದಿಲ್ಲ. ಹಾಗೆಯೇ ನೀವೂ ಓರಗಿತ್ತಿಯರೋ ಅಕ್ಕಪಕ್ಕದವರೋ ಸೇರಿ ಒಂದು ಮನೆಯಲ್ಲಿ ಕಲಶ ಇಡಬಹುದು.

ತಾಂಬೂಲಕ್ಕೆ ಐದು ಜನ ಮುತ್ತೈದೆಯರು ಸಾಕು. ಎರಡು ಎಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ, ಹೂವು ಸೇರಿಸಿ ಗುರುವಾರವೇ ಚೀಲ ಕಟ್ಟಿಡಿ, ಹಣ್ಣು ಹೂವು ಮಾತ್ರ ಕೊಡುವಾಗ ಹಾಕಿ. ಬ್ಲೌಸ್ ಪೀಸ್ ಬಿಟ್ಟರೂ ನಷ್ಟವಿಲ್ಲ. ಒಂದೇ ಪೀಸು ಮೂರು ಶ್ರಾವಣ, ಆರು ಮನೆ ಸುತ್ತಿ ಮತ್ತೆ ಕೊಟ್ಟವರ ಕೈಗೇ ಬಂದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ರಾತ್ರಿ ಕಲಶ ಕದಲಿಸಬೇಡಿ. ಶನಿವಾರ ಬೆಳಿಗ್ಗೆ ಮರುಪೂಜೆ ಮಾಡಿ, ಸ್ವಲ್ಪ ಉತ್ತರಕ್ಕೆ ಸರಿಸಿ, ವಿಸರ್ಜನೆ. ಆ ಅಕ್ಕಿಯಲ್ಲಿ ಪೊಂಗಲ್ ಮಾಡಬಹುದು.

ಹುಣ್ಣಿಮೆಗೆ ಮುಂಚಿನ ಶುಕ್ರವಾರ ಏನೇ ಮಾಡಿದರೂ ಆಗದಿದ್ದರೆ ಶ್ರಾವಣದ ಬೇರೆ ಶುಕ್ರವಾರ ಮಾಡುವ ರೂಢಿಯೂ ಇದೆ.

ಪ್ರಶ್ನೆ: ಹಬ್ಬದ ದಿನಕ್ಕೇ ಮುಟ್ಟಿನ ದಿನ ಬರುವ ಹಾಗಿದೆ. ಮೆಡಿಕಲ್ ಅಂಗಡಿಯಲ್ಲಿ ಮುಂದೂಡುವ ಮಾತ್ರೆ ಕೊಡುತ್ತಾರಂತೆ. ವರ್ಷಕ್ಕೆ ಮೂರು ನಾಲ್ಕು ಸಲ ತೆಗೆದುಕೊಂಡರೆ ತೊಂದರೆಯೇ? — ಹಾಸನ

ಉತ್ತರ: ಅಂಗಡಿಯವನು ಕೊಡುತ್ತಾನೆ ಅನ್ನುವುದೇ ತೊಂದರೆ. ಅದು ನೊರೆಥಿಸ್ಟೆರಾನ್ ಎಂಬ ಹಾರ್ಮೋನಿನ ಮಾತ್ರೆ, ವೈದ್ಯರ ಚೀಟಿ ಇಲ್ಲದೆ ಮುಟ್ಟಬಾರದು. ಸಾಮಾನ್ಯವಾಗಿ ಬರೆದುಕೊಡುವುದು 5 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಮುಟ್ಟು ಬರಬೇಕಾದ ದಿನಕ್ಕೆ ಮೂರು ದಿನ ಮುಂಚಿನಿಂದ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ. ಹಿಂದಿನ ದಿನ ನೆನಪಾಗಿ ನುಂಗಿದರೆ ಕೆಲಸ ಮಾಡುವುದಿಲ್ಲ, ನಡುವೆ ಒಂದು ಹೊತ್ತು ತಪ್ಪಿದರೆ ಹನಿಹನಿ ಸ್ರಾವ ಕಾಣಿಸಿಕೊಂಡು ಪೂಜೆಯ ಮಧ್ಯೆಯೇ ಎದ್ದು ಹೋಗಬೇಕಾಗುತ್ತದೆ. ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರು, ಪಿತ್ತಜನಕಾಂಗದ ತೊಂದರೆಯವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ತೆಗೆದುಕೊಳ್ಳುವಂತೆಯೇ ಇಲ್ಲ. ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಅರೆತಲೆನೋವು, ಎದೆಹಾಲು ಕುಡಿಸುತ್ತಿರುವುದು, ಸಿಗರೇಟು, ಹೆಚ್ಚು ತೂಕ, ಇವನ್ನು ವೈದ್ಯರಿಗೆ ನೀವಾಗಿಯೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ. ಮಾತ್ರೆಯ ದಿನಗಳಲ್ಲಿ ಮೀನಖಂಡ ಊದಿ ನೋವು ಬಂದರೆ, ಏದುಸಿರು ಬಂದರೆ ಹಬ್ಬ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ. ಇದು ಗರ್ಭನಿರೋಧಕವೂ ಅಲ್ಲ. ನಿಲ್ಲಿಸಿ ವಾರವಾದರೂ ಮುಟ್ಟಾಗದಿದ್ದರೆ ಗರ್ಭದ ಪರೀಕ್ಷೆ ಮಾಡಿಕೊಳ್ಳಿ.

ವರ್ಷಕ್ಕೊಮ್ಮೆ, ವೈದ್ಯರು ಒಪ್ಪಿದ ಮೇಲೆ, ಸರಿ. ಗೌರಿ, ನವರಾತ್ರಿ, ದೀಪಾವಳಿ, ಮನೆದೇವರ ಜಾತ್ರೆ ಅಂತ ಸಾಲಾಗಿ ನುಂಗುವುದು ಬೇಡ. ಆ ದಿನ ಮನೆಯ ಗಂಡಸೋ ಮಗಳೋ ಪೂಜೆ ಮಾಡಲಿ, ನೀವು ಮುಂದಿನ ಶುಕ್ರವಾರ ಮಾಡಿ. ಮುಟ್ಟಿನಲ್ಲೂ ಪೂಜೆ ಮಾಡುತ್ತೇನೆ ಅನ್ನುವವರು ಈಗ ಸಾಕಷ್ಟು ಮಂದಿ ಇದ್ದಾರೆ, ಅದು ಅವರವರ ಮನೆಯ, ಮನಸ್ಸಿನ ತೀರ್ಮಾನ. ಈ ಪ್ರಶ್ನೆಯಲ್ಲಿ ನಮಗೆ ಕಾಣುವ ಕಷ್ಟ ಬೇರೆಯದು. ಎಷ್ಟೋ ಹೆಣ್ಣುಮಕ್ಕಳು ಈ ಮಾತ್ರೆ ನುಂಗುವುದು ಭಕ್ತಿಯಿಂದಲ್ಲ, ಅವರು ಮುಟ್ಟಾಗಿ ಹೊರಗೆ ಕೂತರೆ ಅಡುಗೆಗೆ ಬೇರೆ ಯಾರೂ ಇಲ್ಲ ಅನ್ನುವುದಕ್ಕೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ಮೇಲೆ ಕೆಲಸ. ಮಗುವಿಗೆ ಎಂಟು ತಿಂಗಳು, ಎದೆಹಾಲು ಕುಡಿಯುತ್ತದೆ. ಮುಂದಿನ ರಂಜಾನಿಗೂ ಬಿಡಿಸಿರುವುದಿಲ್ಲ. ರೋಜಾ (ಉಪವಾಸ) ಇರಲೇಬೇಕು ಅನ್ನುವವರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ. — ರಾಮನಗರ

ಉತ್ತರ: ಬಸುರಿ, ಹಾಲೂಡಿಸುವ ತಾಯಿ ತನಗೋ ಮಗುವಿಗೋ ತೊಂದರೆಯಾದೀತು ಎಂದು ಕಂಡರೆ ರೋಜಾ ಬಿಡಬಹುದು. ಇದರಲ್ಲಿ ಭಿನ್ನಾಭಿಪ್ರಾಯ ಇಲ್ಲ. ಭಿನ್ನಾಭಿಪ್ರಾಯ ಇರುವುದು ಆಮೇಲೆ ಏನು ಮಾಡಬೇಕು ಎನ್ನುವಲ್ಲಿ. ನಮ್ಮ ಒಳನಾಡಿನ ಹೆಚ್ಚಿನವರು ಹನಫಿ ಪದ್ಧತಿಯವರು, ಅವರ ಪ್ರಕಾರ ಬಿಟ್ಟಷ್ಟು ದಿನ ಆಮೇಲೆ ಖಜಾ (ಬಿಟ್ಟದ್ದಕ್ಕೆ ಬದಲಿ ರೋಜಾ) ಇಟ್ಟರೆ ಮುಗಿಯಿತು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪದ್ಧತಿಯವರು. ಅಲ್ಲಿ ತನ್ನ ಆರೋಗ್ಯಕ್ಕೆ ಹೆದರಿ ಬಿಟ್ಟರೆ ಖಜಾ ಮಾತ್ರ, ಮಗುವಿಗಾಗಿ ಮಾತ್ರ ಬಿಟ್ಟಿದ್ದರೆ ಖಜಾ ಜೊತೆಗೆ ದಿನಕ್ಕೊಂದು ಮುದ್ದ್ (ಹಳೆಯ ಕಾಲದ ಅಳತೆ) ಧಾನ್ಯ ಬಡವರಿಗೆ ಫಿದ್ಯಾ, ಅಂದರೆ ಪರಿಹಾರದ ದಾನ. ಸಂಬಂಧಿಕರು ಎರಡು ಮಾತಾಡುವುದು ಹೆಚ್ಚಾಗಿ ಇದೇ ಕಾರಣಕ್ಕೆ. ನಿಮ್ಮ ಮೊಹಲ್ಲಾದ ಆಲಿಮರನ್ನು (ಧರ್ಮವಿದ್ವಾಂಸರನ್ನು) ಕೇಳುವಾಗ ಮಷಿನ್ ಕೆಲಸದ ವಿಷಯವನ್ನೂ ಹೇಳಿ.

ಇಟ್ಟು ನೋಡುತ್ತೇನೆ ಅಂದರೆ ಹೀಗೆ ಮಾಡಿ. ಈಗಿನ ವರ್ಷಗಳಲ್ಲಿ ರಂಜಾನ್ ಫೆಬ್ರವರಿ ಮಾರ್ಚಿನ ಸುತ್ತ ಬೀಳುತ್ತಿದೆ, ನಮ್ಮ ಕಡೆ ರೋಜಾ ಸುಮಾರು 13 ಗಂಟೆ. ವಾರ ಮುಂಚಿನಿಂದ ಚಹಾ ಕಡಿಮೆ ಮಾಡುತ್ತ ಬನ್ನಿ. ಮೊದಲ ಮೂರು ದಿನದ ತಲೆನೋವು ಎಷ್ಟೋ ಸಲ ಹಸಿವಿನದ್ದಲ್ಲ, ಚಹಾ ತಪ್ಪಿದ್ದು. ಸಹರಿಗೆ (ಬೆಳಗಿನ ಜಾವದ ಊಟಕ್ಕೆ) ಬಿರಿಯಾನಿ, ಉಪ್ಪಿನಕಾಯಿ ಬೇಡ, ಹತ್ತು ಗಂಟೆಗೇ ಬಾಯಾರುತ್ತದೆ. ರಾಗಿ, ಮೊಟ್ಟೆ, ಮೊಸರು, ಬಾಳೆಹಣ್ಣು ನಿಧಾನವಾಗಿ ಅರಗುತ್ತವೆ. ಸಂಜೆ ರೋಜಾ ಬಿಡುವ ಇಫ್ತಾರಿನಿಂದ ಸಹರಿವರೆಗೆ ಹತ್ತು ಲೋಟದಷ್ಟು ನೀರನ್ನು ಹಂಚಿ ಕುಡಿಯಿರಿ, ಸಹರಿಯಲ್ಲಿ ಒಂದೇ ಸಲ ಕುಡಿದರೆ ಒಂದು ಗಂಟೆಯಲ್ಲಿ ಹೊರಗೆ ಹೋಗುತ್ತದೆ. ಮಗುವಿನ ಕಡೆ ಲೆಕ್ಕ ಇಡಿ. ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡಿದರೆ, ಬಣ್ಣ ಗಾಢವಾದರೆ, ಸುಮ್ಮನೆ ಮಂಕಾಗಿ ಮಲಗಿದರೆ ಮಾರನೆಯ ದಿನದಿಂದ ರೋಜಾ ನಿಲ್ಲಿಸಿ. ನಿಮಗೆ ಅಪಾಯದ ಹೊತ್ತು ಸಂಜೆ ನಾಲ್ಕರಿಂದ ಐದೂವರೆ. ಸಕ್ಕರೆ ಇಳಿದು ಕೈ ನಡುಗುವಾಗ ಟಾರ್ಗೆಟ್ ಕೊನೆಯ ಹಂತದಲ್ಲಿರುತ್ತದೆ, ಸೂಜಿ ಬೆರಳಿಗೆ ನುಗ್ಗುತ್ತದೆ. ತಲೆ ಸುತ್ತಿದರೆ ಅಲ್ಲೇ ಖರ್ಜೂರ ತಿಂದು ನೀರು ಕುಡಿಯಿರಿ, ಒಂದು ರೋಜಾಕ್ಕೆ ಒಂದು ಖಜಾ, ಅಷ್ಟೇ. ಶಿಫ್ಟ್ ಬಿಟ್ಟು ಬಸ್ಸಿನಲ್ಲಿರುವಾಗಲೇ ಮಗ್ರಿಬ್ (ಸೂರ್ಯಾಸ್ತದ ನಮಾಜಿನ ಹೊತ್ತು) ಆಗುವ ದಿನಗಳಿಗೂ ಮೂರು ಖರ್ಜೂರ, ಒಂದು ಬಾಟಲಿ ನೀರು ಬ್ಯಾಗಿನಲ್ಲಿರಲಿ.

ಖಜಾಗಳನ್ನು ಡಿಸೆಂಬರ್ ಜನವರಿಗೆ ಇಟ್ಟುಕೊಳ್ಳಿ, ಹಗಲು ಚಿಕ್ಕದು. ವಾರಕ್ಕೆ ಒಂದು, ರಜೆಯ ದಿನ.

ಪ್ರಶ್ನೆ: ಇಬ್ಬರೂ ಎಂಟಕ್ಕೇ ಮನೆ ಬಿಡುತ್ತೇವೆ. ದೇವರ ಮುಂದೆ ದೀಪ ಉರಿಯುತ್ತಿರುವಾಗ ಬೀಗ ಹಾಕಿ ಹೋಗಬಹುದೇ? ಆರಿಸುವುದು ಅಪಶಕುನವಂತೆ. — ಬೆಂಗಳೂರು

ಉತ್ತರ: ಹೋಗಬೇಡಿ. ಬಾಯಿಂದ ಊದಿ ಆರಿಸಬಾರದು ಅನ್ನುತ್ತಾರೆ, ಅದು ಸರಿ. ದೀಪವನ್ನು ಶಾಂತ ಮಾಡುವ ಕ್ರಮ ಇದ್ದೇ ಇದೆ: ಹೂವಿನಿಂದಲೋ ಕಡ್ಡಿಯಿಂದಲೋ ಬತ್ತಿಯನ್ನು ಎಣ್ಣೆಯೊಳಗೆ ಹಿಂದಕ್ಕೆ ಎಳೆಯುವುದು. ಖಾಲಿ ಮನೆಯಲ್ಲಿ ಬೆಂಕಿಗೆ ದಾರಿಯಾಗುವುದು ನಾವು ಎಣಿಸದ ಕಡೆಯಿಂದ. ತುಪ್ಪದ ವಾಸನೆಗೆ ಇಲಿ ಬಂದು ಉರಿಯುವ ಬತ್ತಿಯನ್ನೇ ಕಚ್ಚಿ ಎಳೆದೊಯ್ಯುತ್ತದೆ. ಎಣ್ಣೆ ಮುಗಿಯುವ ಹೊತ್ತಿಗೆ ಬತ್ತಿ ಪೂರ್ತಿ ಹೊತ್ತಿಕೊಂಡು ಜ್ವಾಲೆ ಒಮ್ಮೆ ದೊಡ್ಡದಾಗುತ್ತದೆ, ಮೇಲೆ ಪ್ಲಾಸ್ಟಿಕ್ ಹಾರ ಹಾಕಿದ ಫೋಟೋ ಇರುತ್ತದೆ. ಪ್ಲೈವುಡ್ ಮಂಟಪದ ಅಂಚಿಗೆ ಅಂಟಿಸಿದ ಊದುಬತ್ತಿಯ ಕೆಂಡ ಬಿದ್ದು ಅರ್ಧ ಗಂಟೆ ಕಾಣದಂತೆ ಒಳಗೇ ಉರಿಯುತ್ತದೆ.

ಭಾನುವಾರ ಒಂದು ಪ್ರಯೋಗ ಮಾಡಿ. ನಿಮ್ಮ ದೀಪಕ್ಕೆ ಒಂದು ಚಮಚ ಎಣ್ಣೆ ಹಾಕಿ, ಬತ್ತಿ ಕಡಲೆ ಕಾಳಿನಷ್ಟು ಮಾತ್ರ ಹೊರಗಿಟ್ಟು, ಎಷ್ಟು ಹೊತ್ತು ಉರಿಯುತ್ತದೆ ನೋಡಿಕೊಳ್ಳಿ. ನೀವು ಎದ್ದು ತಿಂಡಿ ಮುಗಿಸಿ ಹೊರಡುವವರೆಗಿನ ಅವಧಿಗೆ ಎಷ್ಟು ಬೇಕೋ ಅಷ್ಟೇ ಹಾಕುವುದು ರೂಢಿಯಾದರೆ ಆರಿಸುವ ಪ್ರಶ್ನೆಯೇ ಬರುವುದಿಲ್ಲ. ದೀಪದ ಕೆಳಗೆ ನೀರು ಹಾಕಿದ ಹಿತ್ತಾಳೆ ತಟ್ಟೆ, ಸುತ್ತ ಒಂದು ಅಡಿಯೊಳಗೆ ಪರದೆ, ಕಾಗದ ಇರಕೂಡದು. ನಂದಾದೀಪದ ಹರಕೆ ಹೊತ್ತಿದ್ದರೆ ಮನೆಯ ಬದಲು ಹತ್ತಿರದ ದೇವಸ್ಥಾನಕ್ಕೆ ತಿಂಗಳ ಎಣ್ಣೆ ಕೊಡಿ.

ಪ್ರಶ್ನೆ: ಆಸ್ಪತ್ರೆಯಲ್ಲಿ ನರ್ಸ್. ತಿಂಗಳಿಗೆ ಮೂರು ಭಾನುವಾರ ಡ್ಯೂಟಿ. ಚರ್ಚಿನ ಪೂಜೆ ತಪ್ಪಿದಾಗಲೆಲ್ಲ ಮನಸ್ಸಿಗೆ ಕಸಿವಿಸಿ. ಮೊಂತಿ ಹಬ್ಬಕ್ಕೂ (ಮರಿಯ ಮಾತೆಯ ಹುಟ್ಟಿನ, ಹೊಸ ತೆನೆಯ ಹಬ್ಬ) ರಜೆ ಇಲ್ಲ. — ಮಂಗಳೂರು ಮೂಲ, ಈಗ ಮೈಸೂರು

ಉತ್ತರ: ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೆ ಭಾನುವಾರದ ಕರ್ತವ್ಯ ತೀರಿದಂತೆ, ಕಥೋಲಿಕ ಧರ್ಮಸಭೆಯ ಕಾನೂನಿನಲ್ಲೇ ಇದೆ. ರೋಗಿಗಳನ್ನು ಬಿಟ್ಟು ಬರಲಾಗದ ಡ್ಯೂಟಿ ಗಂಭೀರ ಕಾರಣವೇ, ಅದು ಪಾಪದ ಲೆಕ್ಕಕ್ಕೆ ಬರುವುದಿಲ್ಲ. ಡ್ಯೂಟಿ ಪಟ್ಟಿ ಹಾಕುವವರ ಹತ್ತಿರ ಭಾನುವಾರ ರಜೆ ಕೊಡಿ ಅಂತ ಕೇಳಬೇಡಿ, ಎಲ್ಲರೂ ಕೇಳುವುದು ಅದನ್ನೇ. ಶನಿವಾರ ಬೆಳಗಿನ ಪಾಳಿ ಕೇಳಿ, ಸುಲಭವಾಗಿ ಸಿಗುತ್ತದೆ, ಸಂಜೆ ಬಿಡುವಾಗುತ್ತದೆ.

ಮೊಂತಿ ಹಬ್ಬದ ಸೆಪ್ಟೆಂಬರ್ 8 ಯಾವ ವಾರ ಬರುತ್ತದೋ ಹೇಳಲಾಗದು, ಆದರೆ ನೊವೆನಾ (ಒಂಬತ್ತು ದಿನದ ಪ್ರಾರ್ಥನೆ) ಆಗಸ್ಟ್ 30ರಿಂದಲೇ ಶುರು. ಒಂಬತ್ತು ದಿನದಲ್ಲಿ ಬಿಡುವಾದ ದಿನ ಹೋಗಿ ಮಕ್ಕಳ ಕೈಯಲ್ಲಿ ಮಾತೆಗೆ ಹೂವು ಹಾಕಿಸಿ. ಆಶೀರ್ವದಿಸಿದ ಹೊಸ ತೆನೆಯನ್ನು ಊರಿನಿಂದ ಯಾರಾದರೂ ಬಸ್ಸಿಗೆ ಕೊಟ್ಟರೆ ಕಾಗದದಲ್ಲಿ ಸುತ್ತಿರಲಿ, ಪ್ಲಾಸ್ಟಿಕ್ಕಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಭತ್ತ ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ, ರಾತ್ರಿ ಪಾಳಿ ಮುಗಿದ ಮೇಲಾದರೂ ಸರಿ, ಮನೆಯವರೆಲ್ಲ ಒಟ್ಟಿಗೆ ಕೂತ ಹೊತ್ತಿಗೆ ಊಟ ಮಾಡಿ. ಹಬ್ಬದೂಟದಲ್ಲಿ ತರಕಾರಿ ಬಗೆಗಳ ಎಣಿಕೆ ಬೆಸವಾಗಿರಬೇಕು ಅನ್ನುವವರಿಗೆ: ಮೂರೂ ಬೆಸಸಂಖ್ಯೆಯೇ.

ಪ್ರಶ್ನೆ: ಖಾಸಗಿ ಕಂಪನಿ. ಹಬ್ಬಕ್ಕೆ ರಜೆ ಕೇಳಿದರೆ ಪಟ್ಟಿಯಲ್ಲಿ ಇಲ್ಲ ಅನ್ನುತ್ತಾರೆ. ಪಟ್ಟಿ ಯಾರು ಮಾಡುವುದು? — ಹುಬ್ಬಳ್ಳಿ

ಉತ್ತರ: ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಅದರ ಮೇಲೆ ಇನ್ನೈದು ಹಬ್ಬದ ರಜೆ. ಆ ಐದು ಯಾವುವು ಅನ್ನುವುದು ಪ್ರತಿ ವರ್ಷ ಸಂಸ್ಥೆಯಲ್ಲೇ ತೀರ್ಮಾನವಾಗುತ್ತದೆ. ಆಗಸ್ಟಿನಲ್ಲಿ ಕೇಳಿದರೆ ಪಟ್ಟಿ ಗೋಡೆಗೆ ಅಂಟಿ ಎಂಟು ತಿಂಗಳಾಗಿರುತ್ತದೆ. ನವೆಂಬರಿನಲ್ಲಿ, ನಾಲ್ಕೈದು ಜನ ಸಹಿ ಹಾಕಿ ಎಚ್‌ಆರ್‌ಗೆ ಪತ್ರ ಕೊಡಿ. ನಿಮ್ಮ ಹಬ್ಬವೇ ಬರಬೇಕು ಅನ್ನುವುದಕ್ಕಿಂತ ಐದರಲ್ಲಿ ಒಂದನ್ನು ಅವರವರು ಆರಿಸಿಕೊಳ್ಳುವಂತೆ ಬಿಡಿ ಅಂತ ಕೇಳಿದರೆ ಬಕ್ರೀದ್, ಕ್ರಿಸ್‌ಮಸ್‌ನವರೂ ಜೊತೆಗೆ ನಿಲ್ಲುತ್ತಾರೆ. ಪಟ್ಟಿಯಲ್ಲಿದ್ದ ದಿನ ಕೆಲಸಕ್ಕೆ ಕರೆದರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ ಕೊಡಬೇಕು.

ಸರ್ಕಾರಿ ನೌಕರರಿಗೆ ಪರಿಮಿತ ರಜೆಯ ಪಟ್ಟಿ ಬೇರೆಯೇ ಇರುತ್ತದೆ, ಅದರಿಂದ ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬಹುದು. ವರಮಹಾಲಕ್ಷ್ಮಿ ವ್ರತ ಸಾಮಾನ್ಯವಾಗಿ ಅದರಲ್ಲಿ ಇರುತ್ತದೆ. ಒಂದೇ ವಿಭಾಗದಲ್ಲಿ ಆರು ಜನ ಅದೇ ದಿನಕ್ಕೆ ಅರ್ಜಿ ಹಾಕಿದರೆ ಮೊದಲು ಕೊಟ್ಟವರದ್ದೇ ಮಂಜೂರಾಗುವುದು ವಾಡಿಕೆ, ಆದ್ದರಿಂದ ಜುಲೈ ಮೊದಲ ವಾರವೇ ಕೊಟ್ಟು, ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ.